ಎಂಟೂಕಾಲು ಇಂಚಿನ ತೋಳು

ಕಾಳವ್ವ ಪ್ರತಿ ಗುರುವಾರ ನಮ್ಮ ಮನೆಗೆ ಬರುತ್ತಾಳೆ. ಡೊಂಬಿವಲಿ ಸ್ಟೇಶನ್ ಹತ್ತಿರ ಅಸ್ತರ, ಹುಕ್ಕು, ಫಾಲ್ ಅಗ್ಗಕ್ಕೆ ಸಿಗುತ್ತವೆ. ಅವನ್ನು ಕೊಳ್ಳಲು ಬಂದವಳು ನನ್ನ ಹೆಂಡತಿ ದಮಯಂತಿ ಹೊಲಿಯಲು ಕೊಟ್ಟ ಬ್ಲೌಸು ತಂದುಕೊಟ್ಟು, ಚಹಾ ಕುಡಿದು ಹೋಗುವುದು ರೂಢಿ. ಮಾರ್ಚಿನ ಆ ಗುರುವಾರ ಮಾತ್ರ ಬ್ಲೌಸುಗಳನ್ನು ಸೋಫಾದ ಮೇಲೆ ಒಗೆದು, ಮರಾಠಿಯಲ್ಲಿ ಅಚ್ಚಾದ ಒಂದು ಹಾಳೆಯನ್ನು ನನ್ನ ಮೂಗಿಗೆ ಹಿಡಿದಳು.

“ರಾಯರ, ನೀವು ಮೂವತ್ನಾಕ ವರ್ಸ ಸರಕಾರದ ಲೆಕ್ಕ ತಪಾಸಣಿ ಮಾಡೀರಂತ ಅಕ್ಕಾರು ಹೇಳ್ತಾರು. ಇದನ್ನ ಓದಿ, ಇದರಾಗ ಖರೆ ಎಷ್ಟೈತಿ, ಸುಳ್ಳ ಎಷ್ಟೈತಿ ಹೇಳ್ರಿ.”

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಪೆನ್ಶನ್ ಬಂದ ಮೇಲೆ ಅದಕ್ಕೆ ಕೆಲಸವಿಲ್ಲದೆ ಇನ್ನಷ್ಟು ಹರಿತವಾಗಿದೆ. “ಏನವ್ವಾ, ನನ್ನ ಮನೀಗೆ ಬಂದು ನನಗ ಪರೀಕ್ಷಾ ಇಡ್ತೀಯಾ?” ಎಂದು ಗದರಿದೆ. ಅವಳು ಕದಲಲಿಲ್ಲ. ಒಳಗಿಂದ ದಮಯಂತಿ, “ಓದ್ರಿ ಸುಮ್ನ, ಪೇಪರಿನ್ಯಾಗಿನ ಪದಬಂಧ ತುಂಬೂದಕ್ಕಿಂತ ಪುಣ್ಯಾದ ಕೆಲಸ ಅದ,” ಎಂದಳು. ಓದಿದೆ.

ಅದು ಪಾಲಿಕೆಯ ನೋಟಿಸು. ಯಾವ ಪಾಲಿಕೆ ಎಂದು ಕೇಳಬೇಡಿ. ಠಾಣೆಯ ಖಾಡಿ ಎಂಬ ಕಡಲ ಕೊಲ್ಲಿಯಿಂದ ಈಚೆಗೆ ನಾಲ್ಕಾರು ಪಾಲಿಕೆಗಳಿವೆ, ಎಲ್ಲವೂ ಒಂದೇ ತಾಯಿಯ ಮಕ್ಕಳು. ಕಾಳವ್ವ ಇರುವ ಕೊಳೆಗೇರಿ, ಖದಾನ್ ಬಸ್ತಿಯ ಆರೋಗ್ಯ ಕೇಂದ್ರದಲ್ಲಿರುವ ಹೆರಿಗೆ ಕೋಣೆಯನ್ನು ಏಪ್ರಿಲ್ ಒಂದರಿಂದ ಮುಚ್ಚಿ, ಒಂಬತ್ತು ಕಿಲೋಮೀಟರ್ ಆಚೆಯ ದೊಡ್ಡ ಆಸ್ಪತ್ರೆಗೆ ಸೇರಿಸುತ್ತಾರಂತೆ. ಕಾರಣ ಎರಡು. ಕಳೆದ ವರ್ಷ ಆ ಕೋಣೆಯಲ್ಲಿ ಆದ ಹೆರಿಗೆಗಳು ಹದಿನಾಲ್ಕೇ ಹದಿನಾಲ್ಕು. ಐದು ವರ್ಷಗಳಲ್ಲಿ ಬಸ್ತಿಯ ಬಾಣಂತಿಯರ ಸಾವು ಶೂನ್ಯ. ಖರ್ಚು ಇಳಿಯುತ್ತಿದ್ದರೂ ಆರೋಗ್ಯ ಚೆನ್ನಾಗಿಯೇ ಇರುವುದರಿಂದ ಆ ಹಣ ಅಲ್ಲಿ ಬೇಕಾಗಿಲ್ಲ ಎಂದು ಕೊನೆಯ ಸಾಲು. ಆಕ್ಷೇಪವಿದ್ದವರು ಇಪ್ಪತ್ತನೆಯ ತಾರೀಖಿನ ಸುನಾವಣಿಗೆ, ಅಂದರೆ ವಿಚಾರಣೆಗೆ, ಬಂದು ಹೇಳಬಹುದು.

“ಶೂನ್ಯ ಅಂದ್ರ?” ಎಂದಳು ಕಾಳವ್ವ.

“ಯಾರೂ ಸತ್ತಿಲ್ಲ ಅಂತ.”

ಅವಳು ಚಹಾ ಮುಟ್ಟದೆ ಎದ್ದು ಹೋದಳು. ಬಾಗಿಲು ಹಾಕಿ ಬಂದ ದಮಯಂತಿ, “ನಿಮಗ ಬುದ್ಧಿ ಐತೋ ಇಲ್ಲೋ? ಅಕೀ ಮಗಳು ಸೌಭಾಗ್ಯ ಹಡೀಲಿಕ್ಕೆ ಹೋಗಿ ಸತ್ತು ಮೂರು ವರ್ಷಾತು,” ಎಂದಳು. ನನ್ನ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

ಕಾಳವ್ವ ಸಿಂದಗಿ ಕಡೆಯವಳು. ಗಂಡ ವಿರುಪಾಕ್ಷಪ್ಪನ ಹಿಂದೆ ಮೂವತ್ತು ವರ್ಷದ ಕೆಳಗೆ ಕಲ್ಲಿನ ಖದಾನಿಗೆ, ಅಂದರೆ ಕಲ್ಲುಗಣಿಗೆ, ದುಡಿಯಲು ಬಂದಳು. ತಲೆಯ ಮೇಲೆ ಜಲ್ಲಿ ಹೊತ್ತು ಕುತ್ತಿಗೆ ಹೋದ ಮೇಲೆ ಹಳೆಯದೊಂದು ಹೊಲಿಗೆ ಯಂತ್ರ ಕೊಂಡಳು. ಕಲ್ಲು ಮುಗಿದು ಖದಾನು ಮುಚ್ಚಿತು. ವಿಜಯಪುರ, ಕಲಬುರಗಿ, ರಾಯಚೂರಿನ ಮಂದಿ ಅಲ್ಲೇ ಉಳಿದರು. ಗಂಡಸರು ಕಟ್ಟಡ, ಗೋದಾಮು, ರಬಾಳೆಯ ಕಾರ್ಖಾನೆಗಳಿಗೆ ಹೋಗುತ್ತಾರೆ. ಕಾಳವ್ವನ ಮಗ ಚನ್ನು ಕೂಡ ರಬಾಳೆಗೇ ಹೋಗುವವನು. ಆ ಬಸ್ತಿಯಲ್ಲಿ ಚೊಚ್ಚಲ ಬಸುರಿಗೆ ಏಳನೆಯ ತಿಂಗಳಲ್ಲಿ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಹಸಿರು ಖಣದ ಕುಪ್ಪಸ ತೊಡಿಸುವ ಕಾರ್ಯಕ್ಕೆ ‘ಕುಬಸ’ ಎನ್ನುತ್ತಾರೆ. ಕುಬಸ ಎಂದರೆ ಕಾಳವ್ವನೇ ಹೊಲಿಯಬೇಕು. ಅವಳ ಕೈಯಿಂದ ಹೊಲಿಸಿದರೆ ಹೆರಿಗೆ ಸಲೀಸು ಎಂದು ಯಾರೋ ಒಮ್ಮೆ ಹೇಳಿದ್ದು ಬಸ್ತಿಗೆಲ್ಲ ನಂಬಿಕೆಯಾಗಿಬಿಟ್ಟಿತ್ತು.

ಕುಬಸ ಆದ ಮೇಲೆ ಹುಡುಗಿಯನ್ನು ರೈಲು ಹತ್ತಿಸಿ ಊರಿಗೆ ಕಳುಹಿಸುವುದು. ಚೊಚ್ಚಲು ತವರಿನಲ್ಲಿ. ಹತ್ತು ಅಡಿಯ ಖೋಲಿಯಲ್ಲಿ ಬಾಣಂತನ ಎಲ್ಲಿ ಮಾಡುವುದು, ಎರೆಯುವ ನೀರು ಎಲ್ಲಿ ಕಾಯಿಸುವುದು? ಸೌಭಾಗ್ಯಳ ತವರು ಈ ಬಸ್ತಿಯೇ ಆಗಿದ್ದರೂ ಕಾಳವ್ವ ಹಟ ಹಿಡಿದು ಅವಳನ್ನು ತನ್ನ ತಾಯಿಯ ಊರಿಗೆ ಕಳುಹಿಸಿದಳು. ಹುಡುಗಿ ರಕ್ತವಿಲ್ಲದೆ ಬಿಳಿಚಿಕೊಂಡಿದ್ದಳು. ಕೇಂದ್ರದಲ್ಲಿ ಕಬ್ಬಿಣದ ಗುಳಿಗೆ ಕೇಳಿದಾಗಲೆಲ್ಲ ‘ಸ್ಟಾಕ್ ನಾಹೀ’. ಊರಿನಿಂದ ತಾಲೂಕಿನ ಆಸ್ಪತ್ರೆಗೆ ಜೀಪಿನಲ್ಲಿ ಒಯ್ಯುವಾಗ ದಾರಿಯಲ್ಲೇ ಹೋದಳು. ಮಗುವೂ ಉಳಿಯಲಿಲ್ಲ. ಇಲ್ಲಿಯವರು ‘ಅವಳು ಊರಿಗೆ ಹೋಗಿದ್ದಳು’ ಎಂದು ಹೆಸರು ಹೊಡೆದುಹಾಕಿದರು, ಅಲ್ಲಿಯವರು ‘ಅವಳು ಬಾಂಬೆಯವಳು’ ಎಂದು ಬರೆದುಕೊಳ್ಳಲೇ ಇಲ್ಲ. ನೋಟಿಸಿನಲ್ಲಿದ್ದ ಶೂನ್ಯ ಹುಟ್ಟಿದ್ದು ಹೀಗೆ. ಮೂವತ್ನಾಲ್ಕು ವರ್ಷ ಲೆಕ್ಕ ತಪಾಸಣೆ ಮಾಡಿದವನಿಗೆ ಅದು ಮೊದಲೇ ಹೊಳೆಯಬೇಕಿತ್ತು.

ಮರುದಿನ ನಾನೇ ಕಲ್ಯಾಣದ ಲೋಕಲ್ ಹಿಡಿದು, ರಿಕ್ಷಾ ಮಾಡಿ ಬಸ್ತಿಗೆ ಹೋದೆ. ಕಾಳವ್ವ ಯಂತ್ರ ತುಳಿಯುತ್ತಿದ್ದಳು. ಸೊಸೆ ನಾಗವೇಣಿ ಆರು ತಿಂಗಳು ತುಂಬಿದ ಹೊಟ್ಟೆ ಹೊತ್ತು ಹುಕ್ಕು ಹಚ್ಚುತ್ತಿದ್ದಳು. ಅವಳು ಬದಲಾಪುರದಲ್ಲೇ ಹುಟ್ಟಿ ಬೆಳೆದವಳು, ತಾಯಿ ಇಲ್ಲ. ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

“ಕಾಕಾ, ಮೈ ಗಾಂವ್-ವಾಂವ್ ನಹೀಂ ಜಾನೇವಾಲಿ. ಯಹೀಂ ಡಿಲಿವರಿ ಕರೂಂಗಿ,” ಎಂದಳು ತಲೆ ಎತ್ತದೆ. ಊರಿಗೆ ಹೋಗುವುದಿಲ್ಲ, ಇಲ್ಲೇ ಹೆರುತ್ತಾಳಂತೆ.

“ಜೂನ್‌ದಾಗ ದಿನಾ ತುಂಬ್ತಾವು,” ಎಂದಳು ಕಾಳವ್ವ. “ಜೂನ್ ಮಳಿಯಾಗ ನಾಲಾ ತುಂಬಿ ರಸ್ತಾ ಬಂದ್ ಆಗ್ತೈತಿ. ಒಂಬತ್ತು ಕಿಲೋಮೀಟರ ಹೆಂಗ ಒಯ್ಯಲಿ? ಒಂದನ್ನ ಕಳಕೊಂಡೀನಿ. ಇದನ್ನ ಕೊಡಂಗಿಲ್ಲ ನಾ. ಆ ಕೋಣಿ ಮುಚ್ಚಾಕ ಬಿಡಂಗಿಲ್ಲ.”

“ಬಿಡಂಗಿಲ್ಲ ಅಂದ್ರ ಸಾಕಾಗಂಗಿಲ್ಲ. ಕಾಗದ ಬೇಕು,” ಎಂದೆ. ಪಾಲಿಕೆಯ ಐದು ವರ್ಷದ ಬಜೆಟ್ ಪುಸ್ತಕಗಳನ್ನು ಜಾಲತಾಣದಿಂದ ಇಳಿಸಿಕೊಂಡು ರಾತ್ರಿಯೇ ನೋಡಿದ್ದೆ. ಬಸುರಿಯರ ಆಹಾರ ಮತ್ತು ಔಷಧಕ್ಕೆಂದು ಈ ಕೇಂದ್ರಕ್ಕೆ ಪ್ರತಿ ವರ್ಷ ಹನ್ನೆರಡು ಲಕ್ಷ ತೆಗೆದಿಟ್ಟಿದ್ದಾರೆ. ಓದುವವರು ಅಲ್ಲಿಗೇ ನಿಲ್ಲುತ್ತಾರೆ. ಎರಡು ವರ್ಷ ಬಿಟ್ಟು ಬರುವ ಪುಸ್ತಕದಲ್ಲಿ, ಪಕ್ಕದ ಅಂಕಣದಲ್ಲಿ, ನಿಜವಾಗಿ ಎಷ್ಟು ಖರ್ಚಾಯಿತೆಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಮೊದಲ ವರ್ಷ ಹನ್ನೊಂದು ಲಕ್ಷ, ಆಮೇಲೆ ಹತ್ತು, ಆಮೇಲೆ ನಾಲ್ಕು, ಆಮೇಲೆ ಮೂರು. ಕಳೆದ ವರ್ಷದ ಅಂದಾಜು ಎರಡು. ಉಳಿದದ್ದು ಮಾರ್ಚ್ ಮೂವತ್ತೊಂದಕ್ಕೆ ರದ್ದು. ಕೇಂದ್ರದ ಔಷಧಿ ವಿತರಕನ ಹುದ್ದೆ ಮೂರನೆಯ ವರ್ಷದಿಂದ ಖಾಲಿ. ಬೇಡಿಕೆ ಬರೆದು ಕಳುಹಿಸುವವನೇ ಇಲ್ಲದಿದ್ದರೆ ಗುಳಿಗೆ ಆಕಾಶದಿಂದ ಉದುರುತ್ತದೆಯೇ?

“ಖರ್ಚು ಇಳಿದದ್ದು ನಾನು ತೋರಸ್ತೀನಿ,” ಎಂದೆ. “ಆದ್ರ ಅದರಿಂದ ಹೆಣ್ಮಕ್ಕಳಿಗೆ ಏನಾತು ಅಂತ ಯಾರು ತೋರಸೂದು? ಹಡಿಯೂ ಮುಂದ ಎಲ್ಲಾರೂ ಊರಿಗೆ ಹೋಗ್ತಾರ. ಮಗುವಿನ ತೂಕ, ರಕ್ತ, ಏನೂ ಇಲ್ಲಿ ದಾಖಲಾಗಂಗಿಲ್ಲ.”

ಕಾಳವ್ವ ಯಂತ್ರದ ಡ್ರಾವರಿನಿಂದ ಎರಡು ದಪ್ಪ ವಹಿ ತೆಗೆದಳು. ಅಳತೆ ವಹಿ. ಒಬ್ಬೊಬ್ಬಳಿಗೆ ಒಂದು ಪುಟ: ಹೆಸರು, ಗಲ್ಲಿ, ತಾರೀಖು, ಎದೆ, ಸೊಂಟ, ತೋಳು. ಮೂಲೆಯಲ್ಲಿ ಹಸಿರು ಖಣದ ಚೂರಿಗೆ ಗುಂಡುಸೂಜಿ. ನಾಲ್ಕನೆಯ ಇಯತ್ತೆಯ ಅಕ್ಷರ, ಆದರೆ ಒಂದು ಪುಟವೂ ತಪ್ಪಿಲ್ಲ.

ನಾನು ಆ ವಹಿಯನ್ನು ಮಡಿಲಲ್ಲಿಟ್ಟುಕೊಂಡು ತೋಳಿನ ಅಳತೆಗಳನ್ನೇ ಪುಟಪುಟವಾಗಿ ನೋಡಿದೆ. ಬಸುರಿಯ ತೋಳಿನ ಸುತ್ತಳತೆ ಇಪ್ಪತ್ತಮೂರು ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅಪಾಯ ಎಂದು ಕೇಂದ್ರದ ಗೋಡೆಯ ಮೇಲೆಯೇ ಚಿತ್ರ ಬರೆದಿದ್ದಾರೆ. ಇಂಚಿನಲ್ಲಿ ಒಂಬತ್ತು. ಪಾಲಿಕೆ ಐದು ವರ್ಷ ಅಳೆಯದೆ ಬಿಟ್ಟದ್ದನ್ನು ಈ ಹೆಂಗಸು ಒಂದೊಂದಾಗಿ ಅಳೆದು, ತೋಳಿನ ಕಟಿಂಗಿಗೆಂದು ಬರೆದಿಟ್ಟಿದ್ದಳು.

ಎಂಟು ದಿನ ಕೂತು ಲೆಕ್ಕ ಹಾಕಿದೆವು. ಐದು ವರ್ಷದಲ್ಲಿ ನೂರ ಅರವತ್ತಮೂರು ಕುಬಸ. ನೋಟಿಸು ನೋಡಿದರೆ ಬಸ್ತಿಯಲ್ಲಿ ಬಸುರಿಯರೇ ಇಲ್ಲ. ಎರಡನೆಯ, ಮೂರನೆಯ ಬಸುರು ಈ ವಹಿಗೆ ಬಂದೇ ಇಲ್ಲ, ಕುಬಸ ಚೊಚ್ಚಲಿಗೆ ಮಾತ್ರ. ಮೊದಲ ಎರಡು ವರ್ಷ ತೋಳಿನ ಸರಾಸರಿ ಒಂಬತ್ತೂಕಾಲು ಇಂಚು. ಆಮೇಲೆ ಒಂಬತ್ತಕ್ಕೆ ಇಳಿದು, ಅದಕ್ಕೂ ಕೆಳಗಾಗಿ, ಕಳೆದ ವರ್ಷ ಎಂಟೂಮುಕ್ಕಾಲರ ಹತ್ತಿರ.

ಆದರೂ ನನ್ನೊಳಗಿನ ಹಳೆಯ ಗುಮಾಸ್ತ ಸುಮ್ಮನಿರಲಿಲ್ಲ. “ಕಾಳವ್ವ, ಕಾಗೆ ಕೂಡೂದಕ್ಕೂ ಟೊಂಗೆ ಮುರಿಯೂದಕ್ಕೂ ಒಂದ ಆತು ಅಂತಾರ ಅವರು. ಕೊರೊನಾ ಬಂತು, ತೊಗರಿಬ್ಯಾಳಿ ತುಟ್ಟಿ ಆತು, ದುಡಿಮೆ ಹೋತು. ತೋಳು ಸಣ್ಣಾಗಲಿಕ್ಕೆ ಹತ್ತು ಕಾರಣ.”

“ಕಾಗಿ ಎಲ್ಲಾ ಟೊಂಗಿ ಮ್ಯಾಲೂ ಕುಂತಿತ್ತಲ್ರಿ ರಾಯರ,” ಎಂದಳು ಅವಳು ದಾರ ಕಡಿಯುತ್ತ. “ನಾಲಾದ ಆಚಿ ಕಡಿಯವ್ರಿಗೂ ಬ್ಯಾಳಿ ತುಟ್ಟೀನ ಇತ್ತು. ಅವ್ರ ಟೊಂಗಿ ಯಾಕ ಮುರೀಲಿಲ್ಲ?”

“ಆಚಿ ಕಡಿ ಅಂದ್ರ?”

ಬಸ್ತಿಯ ನಡುವೆ ಒಂದು ನಾಲಾ. ಆಚೆಯ ಗಲ್ಲಿಗಳು ಬೇರೆ ಆರೋಗ್ಯ ಕೇಂದ್ರಕ್ಕೆ ಸೇರುತ್ತವೆ. ಅಲ್ಲಿಯ ಡಾಕ್ಟರಮ್ಮ ತಿಂಗಳು ತಪ್ಪದೆ ಬೇಡಿಕೆ ಬರೆದು, ಜಗಳಾಡಿ ಗುಳಿಗೆ ಮತ್ತು ಹಿಟ್ಟಿನ ಪೊಟ್ಟಣ ತರಿಸುತ್ತಾಳೆ. ಬಜೆಟ್ ಪುಸ್ತಕ ತೆಗೆದೆ: ಅಲ್ಲಿ ಹನ್ನೆರಡರಲ್ಲಿ ಹನ್ನೊಂದು ಲಕ್ಷ, ಐದೂ ವರ್ಷ. ಅಳತೆ ವಹಿಯನ್ನು ಗಲ್ಲಿವಾರು ಬೇರೆ ಮಾಡಿದೆ. ಆಚೆಯ ಅರವತ್ತೈದು ತೋಳು, ಐದು ವರ್ಷವೂ ಒಂಬತ್ತೂಕಾಲರ ಆಸುಪಾಸು. ಈಚೆಯ ತೊಂಬತ್ತೆಂಟು ಬೇರೆ ತೆಗೆದು ನೋಡಿದರೆ ಕೊನೆಯ ವರ್ಷ ಎಂಟೂವರೆ. ಅದೇ ಜನ, ಅದೇ ಊರುಗಳು, ಅದೇ ದುಡಿಮೆ, ಅದೇ ಬೇಳೆ. ನಡುವೆ ಒಂದು ನಾಲಾ ಮತ್ತು ಒಂದು ಖಾಲಿ ಹುದ್ದೆ. ನಾನು ಕೂತಲ್ಲಿಂದ ಎದ್ದು “ಭಲೇ!” ಎಂದು ಕೂಗಿದ್ದಕ್ಕೆ ನಾಗವೇಣಿ ಸೂಜಿ ಚುಚ್ಚಿಕೊಂಡಳು.

ಸುನಾವಣಿಯ ಹಿಂದಿನ ದಿನ ನನ್ನ ಜೀವ ಬಾಯಿಗೆ ಬಂತು. ನಾಗವೇಣಿಯ ಕುಬಸಕ್ಕೆ ಅಳತೆ ತೆಗೆಯುತ್ತಿದ್ದಳು ಕಾಳವ್ವ. ನೋಡುತ್ತ ಕೂತಿದ್ದೆ. ತೋಳಿಗೆ ಟೇಪು ಸುತ್ತುವಾಗ ಅದರ ಕೆಳಗೆ ತನ್ನ ಒಂದು ಬೆರಳು ಇಟ್ಟು, ಬೆರಳು ಸೇರಿಸಿಯೇ ಅಳೆದು, “ಎಂಟೂಮುಕ್ಕಾಲು” ಎಂದು ಬರೆದಳು.

“ಬೆರಳು ಯಾಕ?” ಎಂದೆ.

“ಬಾಣಂತನದಾಗ ತಿಂದುಂಡು ಮೈ ತುಂಬತಾಳಲ್ರಿ. ಆಗ ಬಿಗಿ ಆಗಬಾರದಂತ. ನಮ್ಮವ್ವ ಹಂಗ ಕಲಿಸ್ಯಾಳ.”

“ಎಲ್ಲಾರಿಗೂ ಹಂಗ ಅಳದೀಯಾ? ನೂರಾ ಅರವತ್ತಮೂರಕ್ಕೂ?”

“ಹೂಂ ಮತ್ತ!”

ತಲೆಯ ಮೇಲೆ ಕೈ ಹೊತ್ತು ಕೂತೆ. ಎಲ್ಲ ಅಳತೆಯೂ ತಪ್ಪು! ಅವಳ ಮುಖವೂ ಸಣ್ಣದಾಯಿತು. ಬೆರಳು ತೆಗೆದು ಅಳೆಯಲು ಹೇಳಿದೆ. ಎಂಟೂಕಾಲು. ಅರ್ಧ ಇಂಚು ವ್ಯತ್ಯಾಸ. ಆಮೇಲೆ ನಿಧಾನಕ್ಕೆ ಬುದ್ಧಿ ಓಡಿತು. ಬೆರಳು ಎಲ್ಲರಿಗೂ ಒಂದೇ, ನಾಲಾದ ಆಚೆಗೂ ಈಚೆಗೂ. ಇಳಿತ ಇಳಿತವೇ. ಕೆಟ್ಟ ಸಂಗತಿ ಏನೆಂದರೆ ನಿಜವಾದ ತೋಳುಗಳು ವಹಿಯಲ್ಲಿದ್ದುದಕ್ಕಿಂತ ಸಣ್ಣ. ಮೈ ತುಂಬಿಕೊಳ್ಳಲಿ ಎಂಬ ಆಸೆಯನ್ನೂ ಸೇರಿಸಿ ಎಂಟೂವರೆ ಇದ್ದದ್ದು, ಆಸೆ ತೆಗೆದರೆ ಎಂಟು.

ಕಾಳವ್ವ ಸೊಸೆಯ ತೋಳು ಬಿಡದೆ ಹಾಗೇ ಹಿಡಿದಿದ್ದಳು. “ಸೌಭಾಗ್ಯಂದು ಬೆರಳು ಹಿಡಿದು ಎಂಟೂಕಾಲು,” ಎಂದಳು. “ನಾನ ಬರದಿದ್ದೆ. ಅಳದು, ಬರದು, ಕುಬಸ ಹೊಲದು, ಕೈಯಾರೆ ರೈಲಿಗೆ ಹತ್ತಿಸಿದೆ. ಅಳತಿ ತಗೊಂಡಾಕಿಗೆ ಅಳತಿ ತಿಳೀಲಿಲ್ಲ.” ಅವಳು ಅಳಲಿಲ್ಲ. ನನಗೇ ಅಳು ಬಂತು, ಮುಚ್ಚುಮರೆ ಯಾಕೆ.

ಆದರೂ ಒಂದು ಮಾತು ಹೇಳಬೇಕಾಯಿತು. “ನಾಳೆ ಸೌಭಾಗ್ಯನ ಹೆಸರು ತಗೀಬ್ಯಾಡ. ಸತ್ತದ್ದು ಊರಾಗ, ದಾಖಲೆ ಇಲ್ಲ. ಅದೊಂದ ಹಿಡಕೊಂಡು ಉಳಿದದ್ದೂ ಸುಳ್ಳು ಅಂತಾರ.” ಅವಳು ನನ್ನನ್ನು ನೋಡಿದ ನೋಟ ನಾನು ಮರೆಯುವುದಿಲ್ಲ. ಆದರೆ “ಆತ್ರಿ” ಎಂದಳು.

ಸುನಾವಣಿ ವಾರ್ಡ್ ಕಚೇರಿಯ ಎರಡನೆಯ ಮಹಡಿಯಲ್ಲಿ. ಬಸ್ತಿಯಿಂದ ನಲವತ್ತು ಹೆಂಗಸರು ದಿನದ ಕೂಲಿ ಬಿಟ್ಟು ಬಂದಿದ್ದರು. ಮುಂದಿನ ಸಾಲಿನಲ್ಲಿ ಕಾಳವ್ವ ಮತ್ತು ನಾಗವೇಣಿ, ಅವರ ಪಕ್ಕ ನೆರೆಮನೆಯ ಮರೆಮ್ಮ, ರಾಯಚೂರಿನವಳು, ಕಟ್ಟಡದ ಕೆಲಸಕ್ಕೆ ಹೋಗುವವಳು. ಅಧಿಕಾರಿ ಇಸ್ತ್ರಿ ಮುರಿಯದ ಅಂಗಿಯ, ಮೆಲುಮಾತಿನ ಮನುಷ್ಯ. ನಾನು ಎರಡು ಅಂಕಣ ತೋರಿಸಿದೆ. ಖರ್ಚು ಒಂದು ಕಡೆ, ತೋಳು ಇನ್ನೊಂದು ಕಡೆ, ನಾಲಾದ ಆಚೆ, ನಾಲಾದ ಈಚೆ. ಆತ ಅಳತೆ ವಹಿಯನ್ನು ಎರಡು ಬೆರಳಲ್ಲಿ ಎತ್ತಿ, ಖಣದ ಚೂರು ನೋಡಿ ನಕ್ಕ.

“ಕಾಕಾ, ಹೇ ಟೇಲರಚಂ ದುಕಾನ ನಾಹೀ,” ಎಂದ. ಇದು ದರ್ಜಿ ಅಂಗಡಿ ಅಲ್ಲವಂತೆ. ಅಷ್ಟಕ್ಕೇ ಬಿಡಲಿಲ್ಲ, ಜಾಣ. “ನಿಮ್ಮ ಹೆಂಗಸರು ಇಷ್ಟು ಸೊರಗಿದ್ದರೆ ಹೆರಿಗೆಯಲ್ಲಿ ಸಾಯಬೇಕಿತ್ತಲ್ಲ? ಸಾವು ಶೂನ್ಯ. ಅಂದರೆ ಟೇಪು ಸುಳ್ಳು, ಇಲ್ಲವೇ ತೋಳು ಸಣ್ಣದಾದರೆ ಏನೂ ಆಗುವುದಿಲ್ಲ. ಎರಡರಲ್ಲಿ ಒಂದು ಒಪ್ಪಿಕೊಳ್ಳಿ.”

ನಾನು ಬಜೆಟ್ ಪುಸ್ತಕದ ಹಾಳೆಗಳನ್ನು ಸುಮ್ಮನೆ ತಿರುವಿದೆ. ತಪಾಸಣೆಯ ಇಷ್ಟು ವರ್ಷಗಳಲ್ಲಿ ಇಂಥ ಸೊನ್ನೆಯ ಮುಂದೆ ನಾನು ಸೋತದ್ದು ಇಲ್ಲ. ಸೊನ್ನೆಯನ್ನು ಮುರಿಯುವ ಮಾತು ಹೇಳಬೇಡವೆಂದು ಅವಳ ಬಾಯಿ ಕಟ್ಟಿದವನೂ ನಾನೇ.

ಕಾಳವ್ವ ಎದ್ದಳು. ಬಜಾರಿನ ಹಿಂದಿ, ಮರಾಠಿ ಎಲ್ಲ ಅವಳಿಗೆ ಬರುತ್ತವೆ. ಸಿಟ್ಟು ಬಂದರೆ ಮಾತ್ರ ಕನ್ನಡ ಬಿಟ್ಟು ಬೇರೆ ಬಾಯಿಲ್ಲ. “ರಾಯರ, ಅವಂಗ ಅವನ ಭಾಷಾದಾಗ ಹೇಳ್ರಿ. ಒಂದಕ್ಷರ ಮೆತ್ತಗ ಮಾಡಬ್ಯಾಡ್ರಿ. ಆ ಸೊನ್ನಿ ಒಳಗ ನನ್ನ ಮಗಳದಾಳ.”

ಹೇಳಿದೆ. ಒಂದಕ್ಷರ ಮೆತ್ತಗೆ ಮಾಡಲಿಲ್ಲ. ಇನ್ನಷ್ಟು ಗಟ್ಟಿಯಾಗಿಯೇ ಹೇಳಿದೆನೇನೋ. ಅವಳು ಮುಂದುವರಿಸಿದಳು:

“ಸೌಭಾಗ್ಯ ಅಂತ. ಇಪ್ಪತ್ತೆರಡು ವರ್ಸ. ನಿಮ್ಮ ಕೇಂದ್ರದಾಗ ನಾಕ ಸಲ ಗುಳಗಿ ಕೇಳ್ಯಾಳ, ನಾಕ ಸಲ ಇಲ್ಲ ಅಂದ್ರಿ. ಆ ವರ್ಸ ನೀವು ಎಂಟು ಲಕ್ಷ ವಾಪಸ್ ಕೊಟ್ರಿ. ನಾ ಮಗಳನ್ನ ಕೊಟ್ಟೆ. ಈಗ ಯಾರೂ ಸತ್ತಿಲ್ಲ, ಅದಕ್ಕ ರೊಕ್ಕ ಬ್ಯಾಡ ಅಂತ ಬರೀತೀರಲ್ಲ, ನಿಮ್ಮ ಕೈಗೆ ಏನ ಬಂದೈತಿ?”

ಆಮೇಲೆ ಮರೆಮ್ಮ ಎದ್ದು, “ನನ್ನ ಸೊಸಿ. ಹೋದ ವರ್ಷ. ಮಾನವಿ ದವಾಖಾನಿಗೆ ಒಯ್ಯೋವಾಗ,” ಎಂದಳು. ಹಿಂದಿನಿಂದ ಒಬ್ಬಳು ತನ್ನ ತಂಗಿ ಎಂದಳು, ಇನ್ನೊಬ್ಬಳು ತನ್ನ ನಾದಿನಿ ಎಂದಳು. ಎಲ್ಲರ ಪುಟವೂ ವಹಿಯಲ್ಲಿತ್ತು. ನಾನು ಒಂದೊಂದೇ ಪುಟ ತೆರೆದು ಆತನ ಮುಂದೆ ಹಿಡಿಯುತ್ತ ಹೋದೆ.

ಅಧಿಕಾರಿ ನೀರು ಕುಡಿದ. ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ. ಆಮೇಲೆ ಎದ್ದು ನಿಂತು, ಹೆರಿಗೆ ಕೋಣೆ ಮುಚ್ಚುವ ನಿರ್ಧಾರವನ್ನು ತಡೆಹಿಡಿಯಲಾಗಿದೆ, ಖಾಲಿ ಹುದ್ದೆಗೆ ಈ ವಾರವೇ ಒಬ್ಬನನ್ನು ಕಳುಹಿಸಲಾಗುವುದು ಎಂದು ಬರೆಸಿ, ಸಹಿ ಹಾಕಿ, ಪ್ರತಿ ನನ್ನ ಕೈಗೆ ಕೊಟ್ಟ. ಹೆಂಗಸರು ಹೋ ಎಂದರು. ನಾಗವೇಣಿ ಅತ್ತೆಯನ್ನು ಅಪ್ಪಿಕೊಂಡು, “ಚಲೋ ಸಾಸುಮಾ, ಜೀತ್ ಗಯೇ!” ಎಂದು ಗೆಲುವಿನ ಕೇಕೆ ಹಾಕಿದಳು. ನಾನು ಪುಸ್ತಕಗಳನ್ನು ಚೀಲಕ್ಕೆ ತುಂಬತೊಡಗಿದೆ.

ಕಾಳವ್ವ ಮಾತ್ರ ಕುರ್ಚಿ ಎಳೆದುಕೊಂಡು ಅಧಿಕಾರಿಯ ಎದುರಿಗೆ ಕೂತಳು. “ಕೋಣಿ ಆತು. ಈಗ ನನ್ನ ಮಗಳನ್ನ ಬರೀರಿ,” ಎಂದಳು.

ಆತ ನನ್ನ ಮುಖ ನೋಡಿದ. ಆಕೆ ತೀರಿಕೊಂಡದ್ದು ಕರ್ನಾಟಕದಲ್ಲಿ, ಇಲ್ಲಿಯ ಪಟ್ಟಿಗೆ ಸೇರಿಸಲು ನಿಯಮವಿಲ್ಲ, ಬೇಕಾದ ಕೆಲಸ ಆಯಿತಲ್ಲ, ಇನ್ನು ಹೊರಡಿ ಎಂದ. ನಾನು ತಿರುಗಿಸಿ ಹೇಳಿದೆ.

“ಗುಳಗಿ ತಪ್ಪಿದ್ದು ಇಲ್ಲಿ. ಸೊರಗಿದ್ದು ಇಲ್ಲಿ. ಸಾವೊಂದ ಅಲ್ಲಿ ಆತು. ಬರೀಮಟ ನಾ ಏಳಂಗಿಲ್ಲ. ನಾಳೆ ಬ್ಯಾರೆ ಸಾಹೇಬ ಬಂದು, ಇದ ಸೊನ್ನಿ ತೋರಿಸಿ, ಮತ್ತ ಕೋಣಿ ಮುಚ್ಚತಾನ.”

ಆತ ಗಡಿಯಾರ ನೋಡಿದ. ಬಾಗಿಲಲ್ಲಿ ನಿಂತಿದ್ದ ನಲವತ್ತು ಹೆಂಗಸರು ಒಬ್ಬೊಬ್ಬರಾಗಿ ಮತ್ತೆ ಒಳಗೆ ಬಂದು ನೆಲದ ಮೇಲೆ ಕೂತರು. ಕಡೆಗೆ ಆತ ನೋಟಿಸಿನ ಪ್ರತಿ ಅಂಟಿಸಿದ್ದ ಸುನಾವಣಿಯ ರಿಜಿಸ್ಟರು ಎಳೆದುಕೊಂಡು, ಶೂನ್ಯ ಎಂದಿದ್ದ ಕಡೆ ಗೆರೆ ಹೊಡೆದು, ಸೌಭಾಗ್ಯ, ವಯಸ್ಸು ಇಪ್ಪತ್ತೆರಡು, ಖದಾನ್ ಬಸ್ತಿ ಎಂದು ಬರೆದ. ಕಾಳವ್ವ ನನ್ನಿಂದ ಎರಡು ಸಲ ಓದಿಸಿ ಕೇಳಿದಳು. ಆತ ಪೆನ್ನಿನ ಕ್ಯಾಪು ಹಾಕಿದ.

“ಪೆನ್ ಮುಚ್ಚಬ್ಯಾಡ್ರಿ,” ಎಂದು ಕಾಳವ್ವ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟಳು. “ಬಾ ಮರೆಮ್ಮ, ಕೂಡು. ನಿನ್ನ ಸೊಸಿ ಹೆಸರು ಹೇಳು.”